ರಟ್ಟಿನ ಒಳಮಗ್ಗುಲು

ಅಂಟಿನ ಕುಂಚ ತೊಳೆಯಲು ಹೋದವಳು ಅದನ್ನು ನೀರಿಗೆ ಅದ್ದದೆ ನಿಂತುಬಿಟ್ಟಳು. ಮೂರನೆಯ ಪುಸ್ತಕಕ್ಕೆಂದು ತೆಗೆದ ಹೊಸ ಕುಂಚದ ತುದಿ ಹಾಲಿನಂತೆ ಬೆಳ್ಳಗಿತ್ತು.

ಸೋದರಮಾವನ ಬೈಂಡಿಂಗ್ ಅಂಗಡಿಗೆ ಬಂದ ಕಾದಂಬರಿಯನ್ನು ಹೊಲಿಯುವ ಮೊದಲು ಅವಳು ಓದಿಬಿಡುತ್ತಿದ್ದಳು. ಓದಿದ ಮೇಲೆ ಅಭಿಪ್ರಾಯ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ! ರಟ್ಟಿನ ಒಳಮಗ್ಗುಲಿಗೆ ಅಂಟಿಸುವ ಹಾಳೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದು, ಬರೆದ ಕಡೆಗೇ ಅಂಟು ಬಳಿದು ಮುಚ್ಚಿಬಿಡುವಳು. ಬಳಿದಾಗ ಪೆನ್ಸಿಲಿನ ಪುಡಿ ಹತ್ತಿ ಕುಂಚ ಬೂದುಬಣ್ಣಕ್ಕೆ ತಿರುಗಬೇಕು. ಇವತ್ತು ಕೈ ಅಂಟಿಸುತ್ತಿತ್ತು, ಮನಸ್ಸು ನಾಯಕಿಯ ಹಿಂದೆ ಅಲೆಯುತ್ತಿತ್ತು. ಹಾಳೆ ತಿರುವುಮುರುವಾಗಿ, ಬರೆದ ಬದಿ ಮೇಲೆ ಉಳಿದಿತ್ತು.

ಮೂರೂ ಒಬ್ಬರದೇ ಕಾದಂಬರಿಗಳು, ಮನೆಮನೆಯಲ್ಲೂ ಓದುವಂಥವು. ಬರೆದ ಲೇಖಕಿಯೇ ತಮ್ಮ ಸವೆದ ಪ್ರತಿಗಳನ್ನು ತಂದುಕೊಟ್ಟಿದ್ದರು. ಈಗ ಮುಂದಿನ ಬೆಂಚಿನಲ್ಲಿ ಕೂತಿದ್ದರು.

"ಪ್ರೆಸ್ಸಿಂದ ತೆಗಿಯೇ, ಮೇಡಂ ಎಷ್ಟೊತ್ತು ಕಾಯ್ಬೇಕು?" ಎಂದ ಮಾವ.

"ಇನ್ನೂ ಹಸಿ ಇದೆ ಮಾವಾ. ನಾಳೆ ಕೊಟ್ರಾಗಲ್ವಾ?"

"ನಿನ್ನ ನಾಳೆ ಯಾವತ್ತು ಬಂದಿದೆ?" ಎಂದು ಅವನೇ ಪ್ರೆಸ್ಸಿನ ತಿರುಪು ಸಡಿಲಿಸಿ, ಅದುಮಿಟ್ಟ ಮೂರೂ ಪುಸ್ತಕ ತೆಗೆದುಕೊಟ್ಟ.

ಹೋದ ತಿಂಗಳು ಗಿರಾಕಿಯ ಪುಸ್ತಕದ ಅಂಚಿನಲ್ಲಿ ಗೀಚಿ ಸಿಕ್ಕಿಬಿದ್ದಾಗಲೇ ಹೇಳಿದ್ದ: "ಇನ್ನೊಂದ್ಸಲ ಕಂಡ್ರೆ ಜೀವಮಾನವಿಡೀ ಹಾಜರಿ ಪುಸ್ತಕ ಹೊಲೀತಾ ಕೂರು. ಕಥೆ ಪುಸ್ತಕ ಮುಟ್ಟೋಕೂ ಬಿಡಲ್ಲ."

ಲೇಖಕಿ ಮೊದಲೆರಡನ್ನು ತೆರೆದು, ಸವರಿ, ಮುಚ್ಚಿದರು. ಮೂರನೆಯದರ ರಟ್ಟು ತೆರೆದವರು ಕನ್ನಡಕ ಸರಿಪಡಿಸಿಕೊಂಡು ಗಟ್ಟಿಯಾಗಿಯೇ ಓದಿದರು. "ನೂರು ಪುಟ ಉಸಿರು ಬಿಗಿಹಿಡಿದು ಓದಿದೆ. ಆಮೇಲೆ ನಾಯಕಿಗೊಂದು ಮದುವೆ ಮಾಡಿ ಕೈತೊಳೆದುಕೊಂಡಿದ್ದಾರೆ. ಅವಳು ಒಪ್ಪಿದ್ದಳೇ? ಯಾರಾದರೂ ಕೇಳಿದರೇ?"

ಮಾವನ ಮುಖ ಕಪ್ಪಿಟ್ಟಿತು. "ತಪ್ಪಾಯ್ತು ಮೇಡಂ, ಹೊಸ ಹಾಳೆ ಹಾಕ್ಸಿಕೊಡ್ತೀನಿ. ಏ, ಬಾರೇ ಇಲ್ಲಿ!"

ಬಂದು ನಿಂತಳು. ಬೆರಳ ಮೇಲಿನ ಅಂಟು ಒಣಗಿ ಚರ್ಮ ಬಿಗಿಯುತ್ತಿತ್ತು.

"ನೀನಾ ಬರೆದಿದ್ದು?" ಎಂದರು ಲೇಖಕಿ.

"ಹೂಂ."

"ಇವೆರಡರಲ್ಲೂ ಬರೆದಿದೀಯಾ?"

ಇಲ್ಲ ಎಂದರೆ ನಂಬುತ್ತಿದ್ದರು. ಮಾವನೂ ಅದನ್ನೇ ಬೇಡುವವನಂತೆ ಕಣ್ಣರಳಿಸಿ ನೋಡುತ್ತಿದ್ದ.

"ಬರೆದಿದೀನಿ," ಎಂದಳು.

"ಹೊಗಳಿದೀಯೋ, ಉಗಿದಿದೀಯೋ?"

"ಒಂದನ್ನ... ಹೊಗಳಿದೀನಿ."

ಮಾವ ಹಣೆ ಚಚ್ಚಿಕೊಂಡ. "ಮುಗೀತು ನನ್ನ ಅಂಗಡಿ!"

"ಯಾವುದು ಅಂತ ಹೇಳ್ಬೇಡ," ಎಂದರು ಲೇಖಕಿ. ಅವರ ದನಿ ಸಣ್ಣಗಾಗಿತ್ತು. ಮೊದಲ ಪುಸ್ತಕವನ್ನು ತೊಡೆಯ ಮೇಲೆಳೆದುಕೊಂಡು, ಹಸಿ ಹಾಳೆಯ ಮೂಲೆಯಡಿಗೆ ಉಗುರು ತೂರಿಸಿ, ಹರಿಯದಂತೆ ಮೆಲ್ಲಗೆ ಎತ್ತತೊಡಗಿದರು.