ಟಿಲ್ಲಿಯ ಐದನೆಯ ಸೂಲು

ತೋಳದ ಮರಿಯನ್ನು ತಾಯಿಯಿಂದ ಕಿತ್ತುಕೊಳ್ಳುವುದು ಹತ್ತನೆಯ ದಿನ, ಅದು ಕಣ್ಣು ಬಿಡುವ ಮೊದಲು. ಕಣ್ಣು ಬಿಟ್ಟಾಗ ಮೊದಲು ಮನುಷ್ಯನ ಮುಖ ಕಂಡರೆ ಮುಂದೆ ಕ್ಯಾಮೆರಾಕ್ಕೆ ಹೆದರುವುದಿಲ್ಲ, ನಿಲ್ಲು ಅಂದಲ್ಲಿ ನಿಲ್ಲುತ್ತದೆ. ಅಮೆರಿಕದ ಮೊಂಟಾನಾದಲ್ಲಿ, ಸಿನಿಮಾದವರಿಗೆ ಕಾಡುಪ್ರಾಣಿಗಳನ್ನು ಬಾಡಿಗೆಗೆ ಕೊಡುವ ನಮ್ಮ ಫಾರ್ಮಿನಲ್ಲಿ ಹನ್ನೊಂದು ವರ್ಷದಿಂದ ಈ ಹೊಲಸು ಕೆಲಸ ಮಾಡುತ್ತಿರುವವಳು ನಾನು, ಮಾರ್ಲಿಸ್.

ಟಿಲ್ಲಿ ಎಂಬ ಬೂದು ತೋಳದ ನಾಲ್ಕು ಸೂಲಿನ ಮರಿಗಳನ್ನೂ ನಾನೇ ಎತ್ತಿಕೊಂಡು ಬಂದಿದ್ದೆ. ಮೊದಲ ವರ್ಷ ಅವಳು ಹಲ್ಲು ಕಿರಿದು ಗುರುಗುಟ್ಟಿದ್ದಳು. ಎರಡನೆಯ ವರ್ಷ ಮೂರು ದಿನ ಏನೂ ಮುಟ್ಟದೆ ಬೇಲಿಯುದ್ದಕ್ಕೂ ಓಡಾಡಿದಳು. ಆಮೇಲೆ ಸುಮ್ಮನಾದಳು. ಪ್ರತಿ ಸಲವೂ ಮರಿಗಳು ಕೈಗೆ ಬಂದ ಮೇಲೆ ಅವಳಿಗೆ ಒಂದು ತುಂಡು ಜಿಂಕೆ ಮಾಂಸ ಎಸೆಯುತ್ತಿದ್ದೆ. ಲಂಚವಲ್ಲದೆ ಮತ್ತೇನು?

ಈ ವಸಂತದಲ್ಲಿ ಟಿಲ್ಲಿ ಐದನೆಯ ಸಲ ಮರಿ ಹಾಕಿದಾಗ ಸಾಕ್ಷ್ಯಚಿತ್ರದವರು ಬಂದರು. ಕಾಡಿನ ತಾಯಿತೋಳ ಮರಿಗಳನ್ನು ಗುಹೆಗೆ ಹೊತ್ತೊಯ್ಯುವ ದೃಶ್ಯ ಅವರಿಗೆ ಬೇಕಿತ್ತು. ಫಾರ್ಮಿನ ಯಜಮಾನ ಡ್ವೈಟ್‌ನ ಹತ್ತಿರ ನಾನು ಹಠ ಹಿಡಿದೆ.

“ಈ ಸಲನಾದ್ರೂ ಮರಿ ಅವಳ ಹತ್ರಾನೇ ಇರ್ಲಿ ಡ್ವೈಟ್.”

“ವಯಸ್ಸಾಗ್ತಾ ಆಗ್ತಾ ನಿಂಗೆ ಮರುಳು ಜಾಸ್ತಿ ಆಗ್ತಿದೆ. ಸರಿ, ಶಾಟ್ ಚೆನ್ನಾಗಿ ಬಂದ್ರೆ ಅವಳೇ ಇಟ್ಕೊಳ್ಲಿ. ಕೆಟ್ರೆ ಇವತ್ತೇ ಮರಿ ಕಿತ್ಕೊಂಡು ಬಾಟ್ಲಿ ಹಾಲು.”

ಗೇಟಿನಾಚೆ ಪ್ರಾಣಿದಯಾ ಸಂಘದವರು ಫಲಕ ಹಿಡಿದು ಕೂಗುತ್ತಿದ್ದರು. ಡ್ವೈಟ್ ಅವರಿಗೆ ಪಾಠ ಹೇಳಲು ಹೋದ.

“ಕಾಡಿನ ಗುಹೆಗೆ ಕ್ಯಾಮೆರಾ ತೂರಿಸಿದ್ರೆ ತಾಯಿ ಗಾಬರಿ ಬೀಳತ್ತೆ ಕಣ್ರಮ್ಮಾ! ನಮ್ಮಿಂದಾನೇ ಕಾಡಿನ ತೋಳ ನೆಮ್ಮದಿಯಾಗಿರೋದು.”

“ಹಂಗಾದ್ರೆ ಸಿನಿಮಾದಲ್ಲಿ ‘ಇದು ಸಾಕಿದ ತೋಳ’ ಅಂತ ಬರೀರಿ ಮಾರಾಯ್ರೇ!” ಎಂದಳು ಒಬ್ಬಳು.

ಡ್ವೈಟ್ ನಕ್ಕು ವಾಪಸು ಬಂದ. ಅವನ ಮಾತಿನಲ್ಲಿ ಅರ್ಧ ನಿಜವಿತ್ತು. ಅದಕ್ಕೇ ಅದು ನನಗೆ ಇನ್ನಷ್ಟು ಅಸಹ್ಯ.

ಗುಹೆ ಸಿಮೆಂಟಿನದು, ಮೇಲೆ ಮಣ್ಣು ಮೆತ್ತಿದ್ದರು. ಒಳಗಿನದನ್ನು ಚಿತ್ರೀಕರಿಸಲು ಒಂದು ಗೋಡೆ ಗಾಜು. ಹತ್ತು ದಿನದ ನಾಲ್ಕು ಮರಿಗಳನ್ನು ಗುಹೆಯ ಮುಂದಿನ ಹುಲ್ಲಿನ ಮೇಲೆ ಮಲಗಿಸಿದೆವು. “ನಂಗೆ ಅಪ್ಪಟ ತಾಯ್ತನ ಬೇಕು,” ಎಂದ ನಿರ್ದೇಶಕ. ನಾನು ಕ್ಯಾಮೆರಾದ ಹಿಂದೆ ನಿಂತೆ. ಟಿಲ್ಲಿಯನ್ನು ಬಿಟ್ಟರು.

ಅವಳು ನಾಲ್ಕನ್ನೂ ಮೂಸಿ ನೆಕ್ಕಿದಳು. ಒಂದರ ಕುತ್ತಿಗೆಯನ್ನು ಮೆಲ್ಲಗೆ ಕಚ್ಚಿ ಎತ್ತಿದಳು. ಗುಹೆಯನ್ನು ದಾಟಿ, ಕ್ಯಾಮೆರಾವನ್ನೂ ದಾಟಿ ಬಂದು ನನ್ನ ಬೂಟಿನ ಮೇಲೆ ಇಟ್ಟಳು. ಹಿಂದೆ ಹೋಗಿ ಎರಡನೆಯದನ್ನು ತಂದಳು. ಮೂರನೆಯದನ್ನೂ, ನಾಲ್ಕನೆಯದನ್ನೂ.

“ಕಟ್! ಇದೇನ್ರೀ, ಸರ್ಕಸ್ಸಾ?” ಎಂದು ನಿರ್ದೇಶಕ ಕಿರುಚಿದ.

ನಾನು ಮರಿಗಳನ್ನು ಗುಹೆಯೊಳಗೆ ಇಟ್ಟು, ಅವಳನ್ನೂ ಒಳಗೆ ನೂಕಿದೆ. “ಇಟ್ಕೋ ಟಿಲ್ಲಿ, ನಿನ್ನವೇ ಕಣೇ.” ಅವಳು ಏನೋ ತಪ್ಪು ಮಾಡಿದವಳಂತೆ ಕಿವಿ ಮಡಚಿ, ಅವಸರದಿಂದ ಮತ್ತೆ ಹೊತ್ತು ತಂದಳು. ಮೂರು ಸಲ ಹಾಗೇ ಆಯಿತು. ನಾಲ್ಕು ವರ್ಷ ಅವಳಿಗೆ ನಾನು ಕಲಿಸಿದ್ದು ಇದೊಂದನ್ನೇ: ಮರಿ ನನ್ನ ಕೈಗೆ ಬಂದರೆ ಮಾಂಸ.

“ನೋಡ್ದ್ಯಾ, ಅವಳಿಗೇ ಬೇಡ. ನೀನ್ಯಾಕೆ ಒದ್ದಾಡ್ತೀಯ? ಹೋಗು, ಹಾಲು ಬಿಸಿ ಮಾಡು,” ಎಂದ ಡ್ವೈಟ್.

ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಯಾವ ಬಾಯಲ್ಲಿ ಉಗಿಯಲಿ? ಹೇಸಿಗೆ ಹುಟ್ಟಿದ್ದು ನನ್ನ ಮೇಲೇ. ನಾಲ್ಕೂ ಮರಿಗಳನ್ನು ಮಡಿಲಿಗೆ ಹಾಕಿಕೊಂಡು ಎದ್ದೆ.

ಟಿಲ್ಲಿ ಬಾಲ ಆಡಿಸಿದಳು.