ಅರವತ್ತೊಂದನೆಯ ಪುಟ

ದೋನ್ ಫರ್ಮಿನ್ ಹದಿನೆಂಟು ವರ್ಷ ಸರ್ಕಾರಕ್ಕಾಗಿ ಕಾದಂಬರಿ ಓದಿದವರು. ಓದಿದರು ಅಂದರೆ, ಅಚ್ಚಿಗೆ ಹೋಗುವ ಮೊದಲೇ ಸರ್ಕಾರಕ್ಕೆ ಆಗದ್ದನ್ನು ಕೆಂಪು ಪೆನ್ಸಿಲ್ ಹಿಡಿದು ಕತ್ತರಿಸಿದರು. ವರದಿಯ ಕೆಳಗೆ ಹೆಸರಿಲ್ಲ, ಬರೀ ‘ಓದುಗ ಹದಿನೇಳು’. ಹೊಟ್ಟೆಪಾಡು ಅನ್ನಿ, ಹೇಡಿತನ ಅನ್ನಿ. ಅವರೂ ಎರಡನ್ನೂ ಅಂದುಕೊಂಡವರೇ. ಕೊನೆಗೆ ಸರ್ವಾಧಿಕಾರಿ ಸತ್ತ, ಕಚೇರಿಗೆ ಬೀಗ ಬಿತ್ತು. ಈಗ ಮ್ಯಾಡ್ರಿಡ್‌ನಲ್ಲಿ ಯಾರು ಏನನ್ನು ಬೇಕಾದರೂ ಅಚ್ಚು ಹಾಕಬಹುದು.

ಒಂದು ಪುಟ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಕಸಿಲ್ದಾ ಒಚೋವಾ ಎಂಬಾಕೆಯ ಕಾದಂಬರಿಯ ಅರವತ್ತೊಂದನೆಯ ಪುಟ. ಅಂತರ್ಯುದ್ಧದ ಕಾಲದಲ್ಲಿ ಸರ್ವಾಧಿಕಾರಿಯ ಕಡೆಯವರು ಸ್ಮಶಾನದ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿ ಕೊಂದ ಒಬ್ಬನ ಹೆಂಡತಿ ದಿನಾ ಬೆಳಿಗ್ಗೆ ಮೇಜಿನ ಮೇಲೆ ಎರಡು ಬಟ್ಟಲು ಇಡುತ್ತಾಳೆ. ಅಷ್ಟೇ. ಇಂಥದ್ದನ್ನು ಬಿಟ್ಟರೆ ಕೆಲಸ ಹೋಗುತ್ತಿತ್ತು, ಕತ್ತರಿಸಿದರು. ಆದರೆ ಕಸದಬುಟ್ಟಿಗೆ ಹಾಕಲು ಮನಸ್ಸು ಬಾರದೆ ಜೇಬಿಗೆ ಹಾಕಿಕೊಂಡರು. ಆ ಚಳಿಗಾಲದಲ್ಲೇ ಅವರ ಹೆಂಡತಿ ಔರೇಲಿಯಾ ತೀರಿಕೊಂಡದ್ದು. ಆಮೇಲೆ ಒಂಬತ್ತು ವರ್ಷ ದೋನ್ ಫರ್ಮಿನ್ ಕೂಡ ಎರಡು ಬಟ್ಟಲು ಇಟ್ಟೇ ಕಾಫಿ ಕುಡಿದರು. ಒಂದು ನರಪಿಳ್ಳೆಯೂ ಇಲ್ಲದ ಮನೆಯಲ್ಲಿ ಆ ಪುಟವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು.

ಎಪ್ಪತ್ತೆಂಟರ ಜೂನ್‌ನಲ್ಲಿ ಆ ಕಾದಂಬರಿ ‘ಒಂದಕ್ಷರವೂ ಕಡಿತವಿಲ್ಲದೆ’ ಹೊರಬಂತು. ಆ ಪುಟ ಅಚ್ಚಾಗಿರುವುದನ್ನು ಕಂಡರೆ ಮಾಡಿದ ಪಾಪ ತುಸುವಾದರೂ ತೊಳೆದುಹೋದೀತು ಅಂತ ಮುದುಕರ ಆಸೆ. ಪುಸ್ತಕ ಮೇಳಕ್ಕೆ ಹೋಗಿ ಕೊಂಡರು, ಸಹಿಗೆ ಕಾಯುವ ಸಾಲಿನಲ್ಲಿ ನಿಂತೇ ಹಾಳೆ ಮಗುಚಿದರು. ಅರವತ್ತು, ಅರವತ್ತೊಂದು, ಅರವತ್ತೆರಡು. ಎರಡು ಬಟ್ಟಲು ಎಲ್ಲೂ ಇಲ್ಲ! ಮತ್ತೆ ಮೊದಲಿನಿಂದ ಹುಡುಕಿದರು. ಊಹೂಂ.

ಅಷ್ಟರಲ್ಲಿ ಸರದಿ ಬಂತು.

“ಯಾರ ಹೆಸರಿಗೆ ಬರೀಲಿ ಯಜಮಾನ್ರೇ?” ಅಂದಳು ಕಸಿಲ್ದಾ.

“ಅಮ್ಮಾ, ಆ ಹೆಂಗಸು ಎರಡು ಬಟ್ಟಲು ಇಡ್ತಾಳಲ್ಲ, ಅದೆಲ್ಲಿ ಹೋಯ್ತು?”

ಅವಳು ಜೋರಾಗಿ ನಕ್ಕಳು. “ಅಯ್ಯೋ, ಅದಾ! ಅದು ಕಾದಂಬರೀದೇ ಅಲ್ಲ, ಗಾಳಕ್ಕೆ ಸಿಕ್ಕಿಸಿದ ಹುಳ ಕಣ್ರೀ. ನಾವೆಲ್ಲ ಹಂಗೇ ಮಾಡ್ತಿದ್ವಿ. ಕತ್ತರಿ ಹಾಕೋನಿಗೆ ಕಚ್ಚೋಕೆ ಏನಾದ್ರೂ ಬೇಕಲ್ಲ? ಅವನು ಅದನ್ನ ಕಚ್ಕೊಂಡು ಹೋದ್ರೆ ನಮಗೆ ಬೇಕಾದ್ದು ಉಳಿಯುತ್ತೆ. ಹತ್ತು ನಿಮಿಷದಲ್ಲಿ ಗೀಚಿದ್ದು, ಪ್ರತೀನೂ ಇಟ್ಕೊಂಡಿಲ್ಲ.”

ಆಮೇಲೆ ನಗು ನಿಂತಿತು. “ಅದನ್ನ ಓದಿದೋನು ಒಬ್ಬನೇ ಒಬ್ಬ. ನಿಮಗೆ ಹೆಂಗೆ ಗೊತ್ತು?”

ಯಾರೋ ಹೇಳಿದ್ದು ಅನ್ನಬಹುದಿತ್ತು. ಆದರೆ ಒಂಬತ್ತು ವರ್ಷದ ಒಂಟಿತನ ಅವರನ್ನು ಹಣ್ಣು ಮಾಡಿತ್ತು. ಜೇಬಿನಿಂದ ಪುಟ ತೆಗೆದು ಅವಳ ಮುಂದಿಟ್ಟರು.

“ಓದುಗ ಹದಿನೇಳು,” ಅಂದರು. “ಆ ಹೆಸರಿಗೇ ಬರೀರಿ.”

ಸವೆದ ಮಡಿಕೆ, ಕಾಫಿ ಕಲೆ, ಅಡ್ಡಡ್ಡ ಎಳೆದ ಕೆಂಪು ಗೆರೆ. ಕಸಿಲ್ದಾ ಎಲ್ಲ ನೋಡಿದಳು. ಅಲ್ಲೇ ಉಗಿದಿದ್ದರೆ ಎಷ್ಟೋ ವಾಸಿಯಿತ್ತು. ಎರಡು ಬೆರಳಲ್ಲಿ ಪುಟವನ್ನು ಹಿಂದಕ್ಕೆ ತಳ್ಳಿದಳು.

“ನೀವೇ ಇಟ್ಕೊಳ್ಳಿ. ನಿಮಗೋಸ್ಕರಾನೇ ಬರೆದಿದ್ದು.”

ಮಾರನೆಯ ಬೆಳಿಗ್ಗೆ ದೋನ್ ಫರ್ಮಿನ್ ಒಂದೇ ಬಟ್ಟಲು ತೆಗೆದರು. ಬೀರುವಿನ ಬಾಗಿಲು ಮುಚ್ಚಿದರು, ಮತ್ತೆ ತೆರೆದರು. ಆಮೇಲೆ, ಹಾಳಾಗಿ ಹೋಗಲಿ ಅಂದುಕೊಂಡು, ಎರಡನೆಯದನ್ನೂ ತಂದಿಟ್ಟರು.