ಮೂರು ಗುಳಿಯ ಕಲ್ಲು

ಫುಟ್‌ಪಾತಿನ ಒಂದು ಚಪ್ಪಡಿ ಎಲ್ಲಿರಬೇಕು ಎಂಬುದು ಒಂದು ನಗರದ ಇತಿಹಾಸದಲ್ಲಿ ಸಾಮಾನ್ಯ ಪ್ರಶ್ನೆಯಲ್ಲ. ಕೋಟೆ ಯಾರು ಕಟ್ಟಿದರು, ಯಾರು ಕೆಡವಿದರು ಎಂದು ಪುಟಗಟ್ಟಲೆ ಬರೆದವರು ಇದನ್ನು ಹೇಗೆ ಬಿಟ್ಟರೋ ತಿಳಿಯದು. ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

ಚಪ್ಪಡಿಯ ಮೇಲೆ ಮೂರು ಗುಳಿಗಳಿದ್ದವು. ಉಳಿ ಹಿಡಿದು ಕೊರೆದವಳು ಸ್ಟ್ಯಾಂಡಕ್ಕ. ಮೂವತ್ತು ವರ್ಷ ಪಾಸ್‌ಪೋರ್ಟ್ ಅಳತೆಯ ಮುಖಗಳಿಗೆ "ಗದ್ದ ಕೆಳಗೆ, ನಗಬೇಡಿ" ಎಂದು ಹೇಳಿ ಹೇಳಿ ಸಾಕಾಗಿ, ಸ್ಟುಡಿಯೋ ಮುಚ್ಚಿ, ಯಾರಿಗೂ ಏನೂ ಹೇಳಬೇಕಿಲ್ಲದ ಬೀದಿಯ ಫೋಟೋಗೆ ಇಳಿದಿದ್ದಳು. ಪ್ರತಿ ಗುರುವಾರ ಬೆಳಿಗ್ಗೆ ಹತ್ತಕ್ಕೆ ಕ್ಯಾಮೆರಾ ಸ್ಟ್ಯಾಂಡಿನ ಮೂರು ಕಾಲುಗಳನ್ನು ಮೂರು ಗುಳಿಗಳಲ್ಲಿ ಊರುವುದು, ಒಂದೇ ಒಂದು ಚಿತ್ರ ತೆಗೆಯುವುದು. ಎದುರು ಸಾಲಿನಲ್ಲಿ ಬೇಕರಿ ಹೋಗಿ ಬ್ಯಾಂಕು ಬಂತು, ಬ್ಯಾಂಕು ಹೋಗಿ ಜಿಮ್ಮು ಬಂತು. ಗುಳಿಗಳು ಇದ್ದಲ್ಲೇ ಇದ್ದವು. ಹನ್ನೊಂದು ವರ್ಷದಲ್ಲಿ ಒಂದು ಗುರುವಾರವೂ ತಪ್ಪಿರಲಿಲ್ಲ. ಅವಳಿಗಿದ್ದ ಆಸ್ತಿ ಅದೊಂದೇ. ಸಂಜೆಯ ಹೊತ್ತಿಗೆ ಆ ವಾರದ ಚಿತ್ರ ಅವಳ ತಮ್ಮನ ಟೈಲರ್ ಅಂಗಡಿಯ ಗಾಜಿನ ಮೇಲಿರುತ್ತಿತ್ತು.

ಹೋದ ವರ್ಷ ಜಿಮ್ಮೂ ಹೋಗಿ ತಗಡಿನ ಬೇಲಿ ಎದ್ದಿತು. ಅದರ ಮೇಲೆ "ತೊಂಬತ್ತು ದಿನಗಳಲ್ಲಿ ಕಾಮಗಾರಿ ಪೂರ್ಣ" ಎಂಬ ಬೋರ್ಡು. ಸ್ಟ್ಯಾಂಡಕ್ಕ ಐವತ್ತೆಂಟು ಗುರುವಾರ ಅದರದ್ದೇ ಚಿತ್ರ ತೆಗೆದಳು. ಪ್ಯಾಂಟಿನ ಅಳತೆ ಕೊಡಲು ಬಂದವರು ಗಾಜಿನ ಮುಂದೆ ನಿಂತು ನಕ್ಕರು. ಆ ನಗು ಬೇಲಿ ದಾಟಿ ಸೈಟ್ ಸೂಪರ್‌ವೈಸರನ ಕಿವಿಗೂ ಬಿತ್ತು.

"ಅಮ್ಮಾ, ಬರೀ ತಗಡು. ಅದರಲ್ಲಿ ಏನಿದೆ ಅಂತ ತೆಗೀತೀರಿ?"

"ತಗಡಿದೆಯಲ್ಲಪ್ಪ."

"ಸ್ವಲ್ಪ ಆ ಕಡೆ ಹೋಗಿ. ಒಳ್ಳೆ ಮರ ಇದೆ."

"ಮರ ನೀನಿಟ್ಕೋ. ನಂಗೆ ಈ ಕಲ್ಲೇ ಆಗ್ಬೇಕು."

ಸೂಪರ್‌ವೈಸರ್ ಆ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಂಡ. ಮುಂದಿನ ಗುರುವಾರ ಅವಳು ಬಂದಾಗ ಕಲ್ಲಿದ್ದ ಕಡೆ ಹಸಿ ಕಾಂಕ್ರೀಟು, ಸುತ್ತ ಹಗ್ಗ. ಕಲ್ಲು ಅರವತ್ತು ಹೆಜ್ಜೆ ಆಚೆ, ಬೋರ್ಡು ಕಾಣದ ತಿರುವಿನಲ್ಲಿ, ಗುಳಿಗಳನ್ನು ಮೇಲೆ ಮಾಡಿಕೊಂಡು ಹೊಸ ಫುಟ್‌ಪಾತಿನಲ್ಲಿ ಸೊಗಸಾಗಿ ಕೂತಿತ್ತು.

ತಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿ ಬಂದ. "ಅಕ್ಕಾ, ಹಳೇ ಜಾಗ ಅಳೆದು ಕೊಡ್ತೀನಿ. ಒಂದಿಂಚು ಆಚೀಚೆ ಆಗಲ್ಲ."

"ನಿನ್ನ ಟೇಪು ನಂಬಿದವರ ಪ್ಯಾಂಟು ಎಲ್ಲಿ ನಿಂತಿದೆ ಅಂತ ಬೀದಿಗೆಲ್ಲ ಗೊತ್ತು. ಕಾಲು ಗುಳೀಲಿರಬೇಕು, ಅಷ್ಟೇ. ಗುಳಿ ಎಲ್ಲೋ, ನಾನಲ್ಲಿ."

"ಹನ್ನೊಂದು ವರ್ಷದ್ದು ಕೆಟ್ಟುಹೋಗುತ್ತಲ್ಲೇ."

"ಕಲ್ಲೆತ್ತಿದ್ದು ಅವನು. ಕೆಟ್ರೆ, ಅವನು ಕೆಡಿಸಿದ್ದೂ ಚಿತ್ರದಲ್ಲಿ ಕಾಣ್ಲಿ."

ಸೂಪರ್‌ವೈಸರ್ ಬೋರ್ಡಿನ ಬಗ್ಗೆ ಯೋಚಿಸಿದ್ದ, ಗೇಟಿನ ಬಗ್ಗೆ ಯೋಚಿಸಿರಲಿಲ್ಲ. ತಿರುವಿನ ಎದುರಿಗೇ ಬೇಲಿಯ ಗೇಟು. ಹತ್ತು ಗಂಟೆಗೆ ಕಾವಲುಗಾರ ಅದನ್ನು ಲಾರಿಗೆಂದು ಹಾರುಹೊಡೆದ. ಒಳಗೆ ಒಂದು ಗುಂಡಿ, ಗುಂಡಿ ತುಂಬ ನೀರು, ನೀರಿನಲ್ಲಿ ಸಂಸಾರ ಹೂಡಿದ ಎರಡು ಬಾತುಕೋಳಿ. ದಡದಲ್ಲಿ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ಸೂಪರ್‌ವೈಸರ್, ಗಾಢ ನಿದ್ರೆಯಲ್ಲಿ. ಮೂವತ್ತು ವರ್ಷ ಗಂಟಲು ಹರಿದುಕೊಂಡರೂ ಯಾರೂ ಕೊಡದ ಭಂಗಿ: ಗದ್ದ ಕೆಳಗೆ, ನಗುವಿಲ್ಲ.

ಅವಳು ಒಂದೇ ಒಂದು ಚಿತ್ರ ತೆಗೆದಳು.

ಮಾರನೆಯ ದಿನ ಸೂಪರ್‌ವೈಸರ್ ಗಾಜಿನ ಮುಂದೆ ನೆರೆದ ಗುಂಪನ್ನು ಸರಿಸಿಕೊಂಡು ಅಂಗಡಿಯೊಳಗೆ ಬಂದ. "ಅಮ್ಮಾ, ಅದನ್ನ ಗಾಜಿಂದ ಕಿತ್ತುಬಿಡಿ."

"ಗುರುವಾರ ಕೀಳ್ತೀನಿ. ಹೊಸದು ಅಂಟಿಸ್ಬೇಕಲ್ಲ."

"ಮತ್ತೆ ಅಲ್ಲಿಂದಾನೇ ತೆಗೀತೀರಾ?"

"ಕಲ್ಲು ಅಲ್ಲೇ ಇದ್ರೆ, ಅಲ್ಲಿಂದಾನೇ."

ಬುಧವಾರ ಮಧ್ಯಾಹ್ನ ನಾಲ್ವರು ಹೊಸ ಕಾಂಕ್ರೀಟು ಒಡೆದು ಚಪ್ಪಡಿಯನ್ನು ಹಳೆಯ ಜಾಗಕ್ಕೆ ತಂದು ಕೂರಿಸಿದರು. ತಮ್ಮ ಟೇಪು ಹಿಡಿದು ನಿಂತಿದ್ದ. ಸ್ಟ್ಯಾಂಡಕ್ಕ ಹಳೆಯ ಚಿತ್ರವೊಂದನ್ನು ಹಿಡಿದು ತಮ್ಮನನ್ನು ತಿದ್ದುತ್ತಿದ್ದಳು.

ಗುರುವಾರ ಹತ್ತಕ್ಕೆ ಚಿತ್ರ ತೆಗೆಯಲಾಯಿತು. ಬೋರ್ಡಿನಲ್ಲಿ ತೊಂಬತ್ತು ದಿನ ಎಂದಿತ್ತು.